ಡಾಕ್ಟರಿಗಿರುವ ಗೌರವ ವಕೀಲರಿಗಿಲ್ಲ ಎಂಬ ಮಾತಿಗೆ

ಅಣ್ಣ, ಅತ್ತಿಗೆ, ಗುಂಪಿನಲ್ಲಿರುವ ಹಿರಿಯರಿಗೆಲ್ಲ ನಮಸ್ಕಾರ. ನಿನ್ನೆ ರಾತ್ರಿ ಇಲ್ಲಿ ನಡೆದ ಚರ್ಚೆಯನ್ನು ಕೋರ್ಟಿಗೆ ಹೊರಡುವ ಮೊದಲು ಪೂರ್ತಿಯಾಗಿ ಓದಿದೆ. ಮಗಳಿಗೆ ನೀಟ್‌ನಲ್ಲಿ ಸರ್ಕಾರಿ ಸೀಟು ಸಿಗುವಂಥ ರ‍್ಯಾಂಕ್ ಬಂದಿಲ್ಲ, ಅವಳು ತಾನಾಗಿಯೇ ಕಾನೂನು ಓದುತ್ತೇನೆ ಎನ್ನುತ್ತಿದ್ದಾಳೆ, ಆದರೂ ನೆಲಮಂಗಲದ ಸೈಟು ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುವುದೇ ಸರಿ, ಏಕೆಂದರೆ ಡಾಕ್ಟರಿಗಿರುವ ಗೌರವ ವಕೀಲರಿಗೆ ಯಾವತ್ತೂ ಬರುವುದಿಲ್ಲ ಎಂದು ಅತ್ತಿಗೆ ಬರೆದಿದ್ದೀರಿ. ಬಹುತೇಕರು ಅದಕ್ಕೆ ಹೌದೆಂದಿದ್ದೀರಿ. ಈ ಮನೆಯಲ್ಲಿ ಕಪ್ಪು ಕೋಟು ಹಾಕಿಕೊಂಡು ಸಿಟಿ ಸಿವಿಲ್ ಕೋರ್ಟಿಗೆ ಹೋಗುವವಳು ನಾನೊಬ್ಬಳೇ ಆದ್ದರಿಂದ ಉತ್ತರ ಹೇಳುವ ಹೊಣೆ ನನ್ನ ಮೇಲಿದೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕೊನೆಯವರೆಗೂ ಕೇಳಿ.

ವೈದ್ಯರಿಗೆ ಸಲ್ಲುವ ಗೌರವ ನಿಜವಾದದ್ದು ಮತ್ತು ನ್ಯಾಯವಾದದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. 1898ರ ಪ್ಲೇಗಿನಲ್ಲಿ ತತ್ತರಿಸಿದ ಊರು ನಮ್ಮ ಬೆಂಗಳೂರು, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಾಗಿಲು ತೆರೆದಾಗ ಅದು ಜನರಿಗೆ ಏನಾಗಿ ಕಂಡಿರಬಹುದೆಂದು ನಾವು ಊಹಿಸಿಕೊಳ್ಳಬಹುದು. ಇಂದಿಗೂ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಮುಂದೆ, ನಿಮ್ಹಾನ್ಸ್‌ನ ಮುಂದೆ ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಿನಲ್ಲಿ ಬಂದು ಚೀಟಿ ಹಿಡಿದು ಕುಳಿತವರ ಮುಖ ನೋಡಿದರೆ ‘ವೈದ್ಯೋ ನಾರಾಯಣೋ ಹರಿಃ’ ಎಂಬ ಮಾತು ಯಾಕೆ ಉಳಿದುಕೊಂಡು ಬಂದಿದೆ ಎಂದು ತಿಳಿಯುತ್ತದೆ. ನಮ್ಮ ವೃತ್ತಿಯ ಬಗ್ಗೆ ಜನ ಹೇಳುವ ಗಾದೆಯೂ ನಿಮಗೆ ಗೊತ್ತು: ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ.

ಈ ಎರಡು ಮಾತುಗಳ ನಡುವಿನ ಅಂತರಕ್ಕೆ ಒಂದು ಕಾರಣವಿದೆ, ಅದನ್ನು ನಾವು ಮನೆಗಳಲ್ಲಿ ಯೋಚಿಸುವುದೇ ಇಲ್ಲ. ಆಸ್ಪತ್ರೆಯಲ್ಲಿ ರೋಗಿ, ಅವನ ಮನೆಯವರು, ಡಾಕ್ಟರು, ನರ್ಸು ಎಲ್ಲರೂ ಒಂದೇ ಕಡೆ ನಿಂತಿರುತ್ತಾರೆ, ಎದುರಿಗಿರುವುದು ರೋಗ ಮಾತ್ರ. ಕೋರ್ಟಿನಲ್ಲಿ ಎದುರಿಗಿರುವುದು ಯಾರದೋ ಅಣ್ಣ, ಯಾರದೋ ಗಂಡ, ಯಾರದೋ ಬಾಡಿಗೆದಾರ. ನಾನು ಎಷ್ಟೇ ಪ್ರಾಮಾಣಿಕವಾಗಿ ವಾದಿಸಿದರೂ ಒಂದು ಪಕ್ಷದವರು ನನ್ನನ್ನು ಶಪಿಸುತ್ತಲೇ ಮನೆಗೆ ಹೋಗುತ್ತಾರೆ, ಮತ್ತು ಅವರು ತಮ್ಮ ನೆಂಟರಿಷ್ಟರಿಗೆಲ್ಲ ಆ ಕಥೆ ಹೇಳುತ್ತಾರೆ. ಆದ್ದರಿಂದ ಒಳ್ಳೆಯ ವಕೀಲರಿಗೆ ಸಿಗುವ ಗೌರವ ಊರಿನಿಂದ ಸಿಗುವುದಲ್ಲ. ಅದು ಸಿಗುವುದು ಎದುರು ವಕೀಲರಿಂದ, ನ್ಯಾಯಾಧೀಶರಿಂದ, ದಾಖಲೆ ತಿದ್ದಲು ಒಪ್ಪದ ವಕೀಲರನ್ನು ಹುಡುಕಿಕೊಂಡು ಬರುವ ಕೆಲವೇ ಕಕ್ಷಿದಾರರಿಂದ. ಅದು ತಡವಾಗಿ ಬರುತ್ತದೆ, ಮದುವೆ ಮನೆಯಲ್ಲಿ ಕಾಣಿಸುವುದಿಲ್ಲ. ಆದರೆ ನಿಮ್ಮ ತಪ್ಪು ಹುಡುಕುವುದೇ ಕೆಲಸವಾಗಿರುವ ಎದುರಾಳಿ ‘ಅವರು ಹೇಳಿದರೆ ಸರಿಯೇ ಇರುತ್ತದೆ’ ಎಂದು ನ್ಯಾಯಾಲಯದ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ದೊಡ್ಡ ಮನ್ನಣೆಯನ್ನು ನಾನು ಕಂಡಿಲ್ಲ.

ಹಿಂದೆಲ್ಲ ಹೀಗಿರಲಿಲ್ಲ ಎಂಬುದನ್ನೂ ಹಿರಿಯರು ನೆನಪಿಸಿಕೊಳ್ಳಬೇಕು. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ನಿಜಲಿಂಗಪ್ಪ, ಈ ಮೂವರು ಮುಖ್ಯಮಂತ್ರಿಗಳೂ ಕಾನೂನು ಓದಿದವರು. ಆ ಪೀಳಿಗೆಗೆ ವಕೀಲಿಯೆಂದರೆ ಸಾರ್ವಜನಿಕ ಜೀವನದ ಹೆಬ್ಬಾಗಿಲು. ನಮ್ಮ ಬೆಂಗಳೂರಿನ ವಕೀಲರ ಬಳಗದಿಂದ ಹೊರಟ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ, ಎಂ.ಎನ್. ವೆಂಕಟಾಚಲಯ್ಯನವರು 1993ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಅಂದರೆ ಯಾವ ವೃತ್ತಿಗೆ ಎಷ್ಟು ಗೌರವ ಎಂಬುದು ಕಾಲದಿಂದ ಕಾಲಕ್ಕೆ ಬದಲಾಗುತ್ತದೆ, ಒಂದು ತಲೆಮಾರಿನ ಲೆಕ್ಕವನ್ನು ನಂಬಿ ಮಗುವಿನ ನಲವತ್ತು ವರ್ಷಗಳನ್ನು ನಿರ್ಧರಿಸುವುದು ಸರಿಯಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಮೊದಲ ಡಾಕ್ಟರ್ ನಮ್ಮ ಅಕ್ಕ, ಅವಳಿಗೆ ಖಾಸಗಿ ಕಾಲೇಜಿನಲ್ಲಿ ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಉಚಿತ ಸೀಟು ಸಿಕ್ಕಿದ್ದಕ್ಕೆ ಅಪ್ಪ ಬೀದಿಗೆಲ್ಲ ಪೇಡಾ ಹಂಚಿದ್ದು ನಿಮಗೆಲ್ಲ ನೆನಪಿದೆ. ಆ ಸೀಟು ಎಲ್ಲಿಂದ ಬಂತು? ಆ ಕಾಲದಲ್ಲಿ ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜುಗಳೆಂದರೆ ಕ್ಯಾಪಿಟೇಷನ್ ಶುಲ್ಕ, ಅಂದರೆ ಸೀಟಿಗಾಗಿ ವಸೂಲು ಮಾಡುವ ಹೆಚ್ಚುವರಿ ಹಣ ಎಂದೇ ದೇಶಕ್ಕೆಲ್ಲ ಗೊತ್ತಿತ್ತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರ ರಾಜ್ಯದವರಿಗೆ 60,000 ರೂಪಾಯಿ ಎಂದು 1989ರ ಅಧಿಸೂಚನೆ ಹೇಳಿತ್ತು. ಉತ್ತರ ಪ್ರದೇಶದಿಂದ ಇಲ್ಲಿ ಎಂಬಿಬಿಎಸ್ ಓದಲು ಬಯಸಿದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದಳು, 1992ರಲ್ಲಿ ನ್ಯಾಯಾಲಯ ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಸರ್ಕಾರಿ ಶುಲ್ಕಕ್ಕೇ ಅರ್ಹತೆಯ ಮೇಲೆ ಕೊಡಬೇಕೆಂಬ ಯೋಜನೆ ರೂಪುಗೊಂಡಿತು. 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿಇಟಿ ಘಟಕ ಆರಂಭವಾಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ಯೋಜನೆಯನ್ನು ತೆಗೆದುಹಾಕಿತು, ಅದು ಬೇರೆ ಮಾತು. ನಡುವಿನ ಆ ವರ್ಷಗಳಲ್ಲಿ ಗುಮಾಸ್ತರ, ಮೇಷ್ಟರ, ಕಂಡಕ್ಟರರ ಮಕ್ಕಳು ಎಷ್ಟೋ ಜನ ಡಾಕ್ಟರಾದರು, ಅವರಲ್ಲಿ ನಮ್ಮ ಅಕ್ಕನೂ ಒಬ್ಬಳು. ಅವಳ ಬುದ್ಧಿ, ಅವಳ ಶ್ರಮ ಅವಳದೇ. ಆದರೆ ಆ ಬಾಗಿಲನ್ನು ತೆರೆದದ್ದು ಕಪ್ಪು ಕೋಟಿನವರು ನಡೆಸಿದ ವಾದ. ನಮ್ಮ ಮನೆಯಲ್ಲಿ ಅಕ್ಕನ ಪದವಿಯ ಫೋಟೋ ಇದೆ, ಆ ವಕೀಲರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ.

ಇನ್ನೂ ಹತ್ತಿರದ ಉದಾಹರಣೆ 2021ರ ಮೇ ತಿಂಗಳಿನದು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ಕೋವಿಡ್ ರೋಗಿಗಳು ಸತ್ತ ದುರಂತದ ಸುದ್ದಿ ಬಂದ ವಾರದಲ್ಲಿ ಡಾಕ್ಟರುಗಳು ಆಮ್ಲಜನಕದ ಸಿಲಿಂಡರುಗಳನ್ನು ಎಣಿಸುತ್ತಾ ರಾತ್ರಿ ಕಳೆಯುತ್ತಿದ್ದರು, ಅಕ್ಕ ಫೋನಿನಲ್ಲಿ ಅತ್ತದ್ದು ನನಗಿನ್ನೂ ಕೇಳಿಸುತ್ತದೆ. ಅದೇ ವಾರ ನಮ್ಮ ಹೈಕೋರ್ಟು ರಾಜ್ಯದ ಆಮ್ಲಜನಕದ ಹಂಚಿಕೆಯನ್ನು ದಿನಕ್ಕೆ 1,200 ಟನ್‌ಗೆ ಏರಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. ಅದನ್ನು ಪ್ರಶ್ನಿಸಿ ಕೇಂದ್ರ ಸುಪ್ರೀಂ ಕೋರ್ಟಿಗೆ ಹೋದಾಗ, ಅಲ್ಲಿಯೂ ಆ ಆದೇಶದಲ್ಲಿ ಕೈಹಾಕಲು ನಿರಾಕರಿಸಲಾಯಿತು. ಆ ದಿನಗಳಲ್ಲಿ ಈ ಎರಡು ವೃತ್ತಿಗಳಲ್ಲಿ ಯಾವುದು ಮೇಲು ಎಂದು ಯಾರಾದರೂ ಕೇಳಿದ್ದರೆ ಅಕ್ಕನೂ ನಾನೂ ಒಂದೇ ಉತ್ತರ ಕೊಡುತ್ತಿದ್ದೆವು.

ಹಾಗೆಂದು ನಮ್ಮವರ ಪರವಾಗಿಯೇ ಮಾತಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಉತ್ತರದಾಯಿತ್ವದ ವಿಷಯದಲ್ಲಿ ವೈದ್ಯರು ನಮಗಿಂತ ಮುಂದಿದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿಯೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಘೋರ ನಿರ್ಲಕ್ಷ್ಯವಿಲ್ಲದೆ ಡಾಕ್ಟರನ್ನು ಕ್ರಿಮಿನಲ್ ಮೊಕದ್ದಮೆಗೆ ಎಳೆಯಬಾರದು ಎಂದು 2005ರಲ್ಲಿ ರಕ್ಷಣೆ ಕೊಟ್ಟಿತಾದರೂ, ಪರಿಹಾರ ಕೇಳುವ ರೋಗಿಯ ಹಕ್ಕು ಹಾಗೆಯೇ ಉಳಿಯಿತು. ಆದರೆ 2024ರ ಮೇ ತಿಂಗಳಲ್ಲಿ ವಕೀಲರ ಸೇವೆ ಆ ಕಾಯ್ದೆಯಡಿ ಬರುವುದಿಲ್ಲ ಎಂಬ ತೀರ್ಪು ಬಂತು, ವಕೀಲರು ಕಕ್ಷಿದಾರರ ನೇರ ನಿಯಂತ್ರಣದಲ್ಲಿ ಕೆಲಸ ಮಾಡುವವರು ಎಂಬುದು ಅದಕ್ಕೆ ಕೊಟ್ಟ ಒಂದು ಕಾರಣ. ನಮ್ಮ ಸಂಘದಲ್ಲಿ ಅದನ್ನು ಸಂಭ್ರಮದಿಂದ ಸ್ವಾಗತಿಸಿದವರಿದ್ದಾರೆ. ನನಗೆ ಸಂತೋಷವಾಗಲಿಲ್ಲ. ಅವಧಿ ಮೀರಿದ ಮೇಲೆ ಮೇಲ್ಮನವಿ ಹಾಕಿ ಬಡವನ ಜಮೀನು ಕಳೆದ ವಕೀಲರ ವಿರುದ್ಧ ವಕೀಲರ ಪರಿಷತ್ತಿಗೆ ದೂರು ಕೊಡಬಹುದು, ಸಿವಿಲ್ ದಾವೆ ಹೂಡಬಹುದು ಎಂಬುದು ನಿಜ. ಆದರೆ ಒಮ್ಮೆ ವಕೀಲರಿಂದ ಕೈಸುಟ್ಟುಕೊಂಡವನು ಮತ್ತೊಬ್ಬ ವಕೀಲರನ್ನು ಹಿಡಿದು ಸಿವಿಲ್ ದಾವೆ ಹೂಡುತ್ತಾನೆಯೇ? ಜನರ ಗೌರವ ಬೇಕೆನ್ನುವ ವೃತ್ತಿ ಜನರಿಗೆ ಲೆಕ್ಕ ಒಪ್ಪಿಸುವ ಸುಲಭದ ದಾರಿಯನ್ನೂ ಇಟ್ಟುಕೊಂಡಿರಬೇಕು. ಮಗಳು ಈ ವೃತ್ತಿಗೆ ಬಂದರೆ ಇದನ್ನು ತಿಳಿದೇ ಬರಲಿ.

ಇನ್ನು ಅತ್ತಿಗೆಯವರು ಹೇಳುವ ಗೌರವ ನಮ್ಮ ಬೆಂಗಳೂರಿನಲ್ಲಿ ಈಗ ಹೇಗಿದೆ ನೋಡಿ. ಅದು ಸೀಟು ಸಿಕ್ಕ ದಿನದ ಗೌರವ. ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಷಿಪ್ ಮುಗಿಸಿದ ಮಗುವನ್ನು ನೆಂಟರು ಕೇಳುವ ಮೊದಲ ಪ್ರಶ್ನೆ, ‘ಪಿಜಿ ಯಾವುದರಲ್ಲಿ?’ ಎಂದು. ಬರೀ ಎಂಬಿಬಿಎಸ್ ಎಂದರೆ ಸಂಬಂಧ ನೋಡುವವರು ಕೂಡ ಮುಖ ಸಣ್ಣದು ಮಾಡುತ್ತಾರೆ. ಪಿಜಿಗೆ ಮತ್ತೊಂದು ನೀಟ್, ಮತ್ತೆ ಮೂರು ವರ್ಷ, ಮನಸ್ಸಿಗೆ ಬಂದ ವಿಭಾಗ ಸಿಗದಿದ್ದರೆ ಮತ್ತೆ ಮ್ಯಾನೇಜ್‌ಮೆಂಟ್ ಸೀಟಿನ ಮಾತು. ಆಗ ಮಾರಲು ಇನ್ನೊಂದು ಸೈಟು ನಮ್ಮಲ್ಲಿಲ್ಲ. ತಾನು ಬಯಸದ ಓದಿಗಾಗಿ ಅಪ್ಪನ ಆಸ್ತಿ ಕರಗಿತು ಎಂಬ ಭಾರವನ್ನು ಹೊತ್ತುಕೊಂಡು ವಾರ್ಡಿನಲ್ಲಿ ನಿಲ್ಲುವ ಹುಡುಗಿ ರೋಗಿಗೂ ನ್ಯಾಯ ಸಲ್ಲಿಸಲಾರಳು ಎಂಬ ಭಯ ನನಗಿದೆ.

ವಕೀಲಿಯನ್ನು ಸುಲಭವೆಂದು ನಾನು ಬಣ್ಣಿಸುವುದಿಲ್ಲ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ 1988ರಲ್ಲಿ ಮೊದಲ ತಂಡ ಸೇರಿದ ಮೇಲೆ ಕಾನೂನು ಓದಿಗೆ ಹೊಸ ಪ್ರತಿಷ್ಠೆ ಬಂದಿದೆ, ಆದರೆ ಅದರಲ್ಲಿ ದೊಡ್ಡ ಪಾಲು ಕಾರ್ಪೊರೇಟ್ ಸಂಬಳದ ಪ್ರತಿಷ್ಠೆ. ಕೋರ್ಟಿನಲ್ಲಿ ವೃತ್ತಿ ಮಾಡುವ ಕಿರಿಯರ ಸ್ಥಿತಿ ಬೇರೆಯೇ. ನಗರಗಳಲ್ಲಿ ಅವರಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹಿರಿಯರಿಗೆ ಸಲಹೆ ಮಾಡಬೇಕಾಯಿತು ಎಂದರೆ ಉಳಿದದ್ದನ್ನು ನೀವೇ ಅರ್ಥ ಮಾಡಿಕೊಳ್ಳಿ. ಮೊದಲ ವರ್ಷಗಳು ಹಿರಿಯರ ಚೇಂಬರಿನಲ್ಲಿ ಕಡತ ಹೊತ್ತು, ವಾಯಿದೆ ಕೇಳಿ, ಕಾದು ಕಳೆಯುತ್ತವೆ. ಹೆಣ್ಣುಮಕ್ಕಳಿಗೆ ಕಕ್ಷಿದಾರರ ನಂಬಿಕೆ ಇನ್ನೂ ತಡವಾಗಿ ಸಿಗುತ್ತದೆ. ಸೈಟು ಉಳಿದರೆ ಆ ವರ್ಷಗಳಲ್ಲಿ ಅವಳಿಗೆ ಅದೇ ಆಸರೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸೈಟಿನ ಅಗ್ರಿಮೆಂಟಿಗೆ ಈ ವಾರ ಸಹಿ ಹಾಕಬೇಡಿ. ಮಗಳು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಜೊತೆ ಕೋರ್ಟಿಗೆ ಬರಲಿ, ಸಾಕ್ಷಿ ವಿಚಾರಣೆ ನಡೆಯುವ ಹಾಲ್‌ನಲ್ಲಿ ಸಂಜೆಯವರೆಗೆ ಕುಳಿತು ನೋಡಲಿ, ಅದಕ್ಕೆ ಯಾರ ಅನುಮತಿಯೂ ಬೇಡ. ಮರುದಿನ ಅಕ್ಕನ ಜೊತೆ ಆಸ್ಪತ್ರೆಗೆ ಹೋಗಲಿ, ಅಕ್ಕ ಒಪ್ಪಿದ್ದಾಳೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕಿರುವ ಸಿಎಲ್‌ಎಟಿ ಡಿಸೆಂಬರಿನಲ್ಲಿ ನಡೆಯುವ ಪರೀಕ್ಷೆಯಾದ್ದರಿಂದ ಈ ವರ್ಷದ ಪ್ರವೇಶಕ್ಕೆ ಅದು ಮುಗಿದಿದೆ, ಆದರೆ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಐದು ವರ್ಷದ ಕೋರ್ಸಿಗೆ ಪಿಯು ಅಂಕಗಳ ಮೇಲೆಯೇ ಪ್ರವೇಶ ಸಿಗುತ್ತದೆ, ಅವಳ ಅಂಕಗಳು ಅದಕ್ಕೆ ಧಾರಾಳವಾಗಿ ಸಾಕು. ಎರಡನ್ನೂ ನೋಡಿದ ಮೇಲೆ ಅವಳು ಮೆಡಿಕಲ್ ಬೇಕೆಂದರೆ ಇನ್ನೊಂದು ವರ್ಷ ನೀಟ್‌ಗೆ ಓದಲಿ, ಕೋಚಿಂಗ್ ಶುಲ್ಕವನ್ನು ನಾನು ಕಟ್ಟುತ್ತೇನೆ. ಅಣ್ಣ, ಸೋಮವಾರ ಅವಳನ್ನು ಕಳುಹಿಸುತ್ತೀರಾ ಎಂದು ಇವತ್ತು ಸಂಜೆಯೊಳಗೆ ತಿಳಿಸಿ.