ಆಧಾರ್ ಫೋಟೊ: ಸೆರಗು ಹೊದ್ದುಕೊಂಡೇ ತೆಗೆಸಬಹುದಾ?

ಪ್ರಶ್ನೆ: ಸರ್, ನಮ್ಮ ಅತ್ತೆಯವರ ಆಧಾರ್ ಫೋಟೊ ತುಂಬಾ ಹಳೇದು, ಗುರುತೇ ಸಿಗಲ್ಲ. ಅವರು ತಲೆ ಮೇಲಿನ ಸೆರಗು ತೆಗೆಯೋದಿಲ್ಲ, ದಪ್ಪ ಕನ್ನಡಕ ಬೇರೆ. ಸ್ಟುಡಿಯೋದಲ್ಲಿ ಫೋಟೊ ತೆಗೆಸಿಟ್ಟಿದ್ದೀವಿ, ಅದನ್ನೇ ಕೊಡಬಹುದಾ? ಹತ್ತು ತಿಂಗಳ ಮಗಳಿಗೂ ಆಧಾರ್ ಮಾಡಿಸಬೇಕು.

ಉತ್ತರ (ಆಧಾರ್ ಕೇಂದ್ರದ ಆಪರೇಟರ್): ಸ್ಟುಡಿಯೋ ಫೋಟೊ ನಡೆಯಲ್ಲ ಮೇಡಂ. ನಮ್ಮ ಕ್ಯಾಮೆರಾದಲ್ಲೇ, ಬಿಳಿ ಪರದೆ ಮುಂದೆ ಕೂರಿಸಿ ತೆಗೀತೀವಿ. ಸೆರಗು ಇರಲಿ, ಅದು ಪದ್ಧತಿ, ತೆಗೆಸೋದಿಲ್ಲ. ಹಣೆಯಿಂದ ಗಲ್ಲದವರೆಗೆ ಮುಖ ಪೂರ್ತಿ ಕಾಣಬೇಕು, ಅಷ್ಟೇ. ಸೆರಗಿನ ಅಂಚು ಹಣೆ ಮೇಲೆ ಇಳಿದು ಕಣ್ಣಿಗೆ ನೆರಳು ಬಿದ್ದರೆ ಸ್ವಲ್ಪ ಹಿಂದೆ ಸರಿಸಿ ಅಂತೀನಿ. ದಿನಾ ಹಾಕೋ ಕನ್ನಡಕಕ್ಕೆ ಅಡ್ಡಿಯಿಲ್ಲ. ಗಾಜಿನ ಮೇಲೆ ಲೈಟು ಹೊಳೆದು ಕಣ್ಣು ಮುಚ್ಚಿಹೋದರೆ ಮಾತ್ರ ತೆಗೆಸ್ತೀನಿ. ಕಪ್ಪು ಕನ್ನಡಕ ಬೇಡ. ಕ್ಯಾಮೆರಾ ನೇರ ನೋಡಬೇಕು, ಬಾಯಿ ಮುಚ್ಚಿರಬೇಕು. ಎಲೆ ಅಡಿಕೆ ಉಗುಳಿಸಿಕೊಂಡು ಕರ್ಕೊಂಡು ಬನ್ನಿ, ಅರ್ಧ ಅಜ್ಜಿಯರದ್ದು ಇದೇ ಕಥೆ!

ಮಗುವನ್ನ ನಿಮ್ಮ ತೊಡೆ ಮೇಲೆ ಕೂರಿಸಿಕೊಳ್ಳಬಹುದು, ಆದರೆ ನಿಮ್ಮ ಮುಖ ಫ್ರೇಮಿನಲ್ಲಿ ಬರಬಾರದು, ಹಿಂದೆ ಬಿಳಿ ಪರದೆಯೇ ಕಾಣಬೇಕು. ಕಣ್ಣು ಬಿಟ್ಟಿರಬೇಕು. ಅದಕ್ಕೇ ನಿದ್ದೆ ಮುಗಿಸಿ, ಹಾಲು ಕುಡಿಸಿ ಕರ್ಕೊಂಡು ಬನ್ನಿ. ಐದು ವರ್ಷದೊಳಗೆ ಬೆರಳಚ್ಚು, ಕಣ್ಣಿನ ಸ್ಕ್ಯಾನ್ ಇಲ್ಲ, ಬರೀ ಫೋಟೊ. ಜನನ ಪ್ರಮಾಣಪತ್ರ, ನಿಮ್ಮ ಆಧಾರ್ ತನ್ನಿ. ಬೆರಳು ಒತ್ತಬೇಕಾದ್ದು ನೀವು.

ಪ್ರಶ್ನೆ: ಅತ್ತೆಯವರ ಫೋಟೊ ಆನ್‌ಲೈನ್‌ನಲ್ಲಿ ಬದಲಾಯಿಸೋಕೆ ಆಗಲ್ವಾ? ಅವರಿಗೆ ಮಂಡಿನೋವು.

ಉತ್ತರ: ಇಲ್ಲ. ವಿಳಾಸವಾದರೆ ಆನ್‌ಲೈನ್ ಆಗುತ್ತೆ, ಫೋಟೊಗೆ ಖುದ್ದು ಬರಲೇಬೇಕು. ದಾಖಲೆ ಏನೂ ಬೇಡ, ಆಧಾರ್ ನಂಬರ್ ಸಾಕು. 2025ರ ಅಕ್ಟೋಬರ್‌ನಿಂದ ಶುಲ್ಕ 125 ರೂಪಾಯಿ, ರಸೀದಿ ಕೇಳಿ ತಗೊಳ್ಳಿ. ಮೊದಲೇ ಅಪಾಯಿಂಟ್‌ಮೆಂಟ್ ತಗೊಂಡು ಬಂದರೆ ಕಾಯೋದು ಕಡಿಮೆ.

ಇನ್ನೊಬ್ಬರ ಪ್ರಶ್ನೆ: ನಮ್ಮಪ್ಪ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದಾರೆ. ಕೂದಲು ಬರೋವರೆಗೆ ಕಾಯಬೇಕಾ?

ಉತ್ತರ: ಬೇಕಿಲ್ಲ ಸರ್. ಕೂದಲಿಗೂ ಗಡ್ಡಕ್ಕೂ ನಿಯಮ ಇಲ್ಲ. ಬಿಳಿ ಅಂಗಿ ಮಾತ್ರ ಬೇಡ ಅಂತ ನನ್ನ ಸಲಹೆ, ಪರದೆಯೂ ಬಿಳಿ, ಅಂಗಿಯೂ ಬಿಳಿಯಾದರೆ ಹೆಗಲೇ ಕಾಣಲ್ಲ.