ಬೀಗ ಒಡೆದಿದ್ದರೆ 112ಕ್ಕೆ ಕರೆಯೋ, ಠಾಣೆಗೆ ದೂರೋ?

ಪ್ರಶ್ನೆ: ಊರಿಂದ ವಾಪಸ್ ಬಂದಾಗ ಮನೆ ಬೀಗ ಒಡೆದಿದ್ದರೆ 112ಕ್ಕೆ ಕರೆ ಮಾಡಬೇಕಾ, ಠಾಣೆಗೆ ಹೋಗಿ ದೂರು ಕೊಟ್ಟರೆ ಸಾಕಾ? ಕಳ್ಳತನ ಆಗಿಹೋಗಿದ್ದರೆ ಅದು ತುರ್ತು ಅಲ್ಲ ಅಂತಾರೆ ಕೆಲವರು.

ಉತ್ತರ (ಕಂಟ್ರೋಲ್ ರೂಮ್): ಆಗಿಹೋಗಿದೆ ಅಂತ ಹೊರಗೆ ನಿಂತವರಿಗೆ ಗೊತ್ತಾಗೋದು ಹೇಗೆ? ಕಳ್ಳ ಒಳಗೇ ಇರಬಹುದು. ಒಳಗೆ ಕಾಲಿಡದೆ ಗೇಟಿನಾಚೆ ಬಂದು 112 ಒತ್ತಿ. ಬೆಂಗಳೂರಲ್ಲಾದರೆ ಪೊಲೀಸ್ ಗಸ್ತು ಗಾಡಿ ಹೊಯ್ಸಳ ಬರುತ್ತದೆ. ಪೊಲೀಸರು ಒಳಗೆ ನೋಡಿದ ಮೇಲೂ ಬೀರುವಿನ ಹಿಡಿ, ಚಿಲಕ, ಕೆಳಗೆ ಬಿದ್ದ ಒಡವೆ ಡಬ್ಬಿ ಯಾವುದನ್ನೂ ಮುಟ್ಟಬೇಡಿ. ಏನೇನು ಹೋಗಿದೆ ನೋಡೋಣ ಅಂತ ಮನೆಯವರೆಲ್ಲ ಬೀರು ಜಾಲಾಡಿದರೆ ಬೆರಳಚ್ಚಿನವರಿಗೆ ಸಿಗೋದು ನಿಮ್ಮದೇ ಗುರುತು.

112ಕ್ಕೆ ಕರೆ ಮಾಡಿದ ಮಾತ್ರಕ್ಕೆ ದೂರು ದಾಖಲಾಗುವುದಿಲ್ಲ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಠಾಣೆಗೆ ಬರೆದುಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ, ಅದಕ್ಕೆ ದುಡ್ಡಿಲ್ಲ. "ನಮ್ಮ ಸರಹದ್ದಲ್ಲ" ಅಂದರೆ ಜೀರೋ ಎಫ್‌ಐಆರ್ ಕೇಳಿ, ಅಂದರೆ ಸರಹದ್ದು ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸಿಕೊಳ್ಳುವ ಎಫ್‌ಐಆರ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಮಿನಲ್ಲೇ ಅದಕ್ಕೆ ಅವಕಾಶವಿದೆ.

ಹಾಗಾದರೆ 112 ಯಾವಾಗ? ಈಗ ನಡೀತಾ ಇದೆಯಾ, ಯಾರ ಜೀವಕ್ಕಾದರೂ ಅಪಾಯ ಇದೆಯಾ, ಮಾಡಿದವನು ಇನ್ನೂ ಹತ್ತಿರದಲ್ಲಿರಬಹುದಾ? ಒಂದಕ್ಕೆ ಹೌದು ಅಂದರೂ 112. ಅನುಮಾನ ಇದ್ದರೂ 112. ಮಗು ಕಾಣೆಯಾದರಂತೂ ಕೂಡಲೇ. 24 ಗಂಟೆ ಕಾಯಬೇಕು ಅನ್ನೋ ಕಾನೂನು ಎಲ್ಲೂ ಇಲ್ಲ.

ಪ್ರಶ್ನೆ: ಬಸ್ಸಲ್ಲಿ ಮೊಬೈಲ್ ಕಳೆದುಹೋದರೆ?

ಉತ್ತರ: ಬೀಳಿಸಿಕೊಂಡಿದ್ದರೆ 112 ಬೇಡ. ಸಿಮ್ ಬ್ಲಾಕ್ ಮಾಡಿಸಿ, ಆನ್‌ಲೈನ್‌ನಲ್ಲಿ ಇ-ಲಾಸ್ಟ್ (ವಸ್ತು ಕಳೆದಿದೆ ಅಂತ ಪೊಲೀಸರಿಗೆ ಕೊಡುವ) ವರದಿ ಹಾಕಿ, ಅದನ್ನಿಟ್ಟುಕೊಂಡು ಕಳೆದ ಫೋನ್ ಬ್ಲಾಕ್ ಮಾಡುವ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಹ್ಯಾಂಡ್‌ಸೆಟ್ ಬ್ಲಾಕ್ ಮಾಡಿ. ಫೋನಿನ ಗುರುತಿನ ಸಂಖ್ಯೆ, 15 ಅಂಕಿಯ ಐಎಂಇಐ ಬೇಕಾಗುತ್ತದೆ, ಫೋನ್ ಬಂದ ಡಬ್ಬಿಯ ಮೇಲೆ ಇರುತ್ತದೆ. ಆದರೆ ಬೈಕಿನಲ್ಲಿ ಬಂದವರು ಕೈಯಿಂದ ಕಿತ್ತುಕೊಂಡು ಹೋದರೆ ಅದು ಕಳೆದುಹೋದದ್ದಲ್ಲ. ಕೂಡಲೇ ಪಕ್ಕದವರ ಫೋನಿನಿಂದ 112ಕ್ಕೆ ಹೇಳಿ: ಬೈಕ್ ಯಾವ ಕಡೆ ಹೋಯಿತು, ಬಣ್ಣ ಯಾವುದು, ನಂಬರಿನ ಕೊನೆಯ ಎರಡು ಅಂಕಿಯಾದರೂ ಸರಿ. ಆಮೇಲೆ ಎಫ್‌ಐಆರ್. ಕಿತ್ತುಕೊಂಡದ್ದನ್ನು ಬೇಗ ಕೆಲಸ ಆಗಲಿ ಅಂತ "ಕಳೆದಿದೆ" ಎಂದು ಇ-ಲಾಸ್ಟ್‌ನಲ್ಲಿ ಹಾಕಬೇಡಿ. ಅದರ ಮೇಲೆ ತನಿಖೆ ನಡೆಯುವುದಿಲ್ಲ.

ಪ್ರಶ್ನೆ: ಯುಪಿಐನಲ್ಲಿ ದುಡ್ಡು ಹೋದರೆ?

ಉತ್ತರ: ಸೈಬರ್ ವಂಚನೆಯ ಸಹಾಯವಾಣಿ 1930. ಹೋದ ದುಡ್ಡು ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ತಡೆಹಿಡಿಯಬೇಕು, ಹಾಗಾಗಿ ಠಾಣೆಗೆ ಹೋಗಿ ಬರುವಷ್ಟು ಪುರುಸೊತ್ತಿಲ್ಲ. ವಹಿವಾಟಿನ ಗುರುತಾದ 12 ಅಂಕಿಯ ಯುಟಿಆರ್ ನಂಬರ್, ಮೊತ್ತ, ಸಮಯ ಕಣ್ಣಮುಂದೆ ಇಟ್ಟುಕೊಂಡೇ ಕರೆ ಮಾಡಿ. ಬ್ಯಾಂಕಿಗೂ ತಿಳಿಸಿ.

ಪ್ರಶ್ನೆ: ನಾನು ಪುಣೆಯಲ್ಲಿದ್ದೇನೆ, ಅಪ್ಪ ಅಮ್ಮ ಇಬ್ಬರೇ ಧಾರವಾಡದಲ್ಲಿ. ಅವರಿಗೆ ತೊಂದರೆ ಆದರೆ ನಾನೇ 112 ಒತ್ತಬಹುದಾ ಸರ್?

ಉತ್ತರ: ಒತ್ತಿದರೆ ಅದು ಮಹಾರಾಷ್ಟ್ರದ ಕಂಟ್ರೋಲ್ ರೂಮಿಗೆ ಹೋಗುತ್ತದೆ, ಅಲ್ಲೇ ಹೊತ್ತು ಕಳೆಯುತ್ತದೆ. ಅವರ ಬಡಾವಣೆಯ ಠಾಣೆ ಮತ್ತು ಅಲ್ಲಿನ ಪೊಲೀಸ್ ಕಂಟ್ರೋಲ್ ರೂಮಿನ ಪೂರ್ತಿ ನಂಬರುಗಳನ್ನು ಎಸ್‌ಟಿಡಿ ಕೋಡ್ ಸಮೇತ ಇವತ್ತೇ ಬರೆದಿಟ್ಟುಕೊಳ್ಳಿ. ಪಕ್ಕದ ಮನೆಯವರ ನಂಬರೂ ಇರಲಿ. ಅವರು ಅಲ್ಲಿಂದಲೇ 112 ಒತ್ತಿದರೆ ಎಲ್ಲಕ್ಕಿಂತ ಬೇಗ.

ಪ್ರಶ್ನೆ: ಕರೆಯಲ್ಲಿ ಮೊದಲು ಏನು ಹೇಳಬೇಕು?

ಉತ್ತರ: ಜಾಗ. ಆಮೇಲೆ ಏನಾಗಿದೆ ಅನ್ನೋದು. ಲೈನ್ ಕಟ್ಟಾದರೂ ಜಾಗ ಗೊತ್ತಿದ್ದರೆ ಗಾಡಿ ಹೊರಡುತ್ತದೆ. "5ನೇ ಕ್ರಾಸ್" ಅಂದರೆ ಸಾಲದು, ಬಡಾವಣೆಗೊಂದು 5ನೇ ಕ್ರಾಸ್ ಇದೆ. ಬಡಾವಣೆ, ಮೇನ್, ಕ್ರಾಸ್, ಎದುರಿಗೆ ಕಾಣುವ ದೇವಸ್ಥಾನವೋ ಶಾಲೆಯೋ ಹೇಳಿ. ಹೆದ್ದಾರಿಯಲ್ಲಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ಯಾವ ಬದಿ: ತುಮಕೂರಿಂದ ಬೆಂಗಳೂರಿಗೆ ಬರುವ ಬದಿಯೋ, ಹೋಗುವ ಬದಿಯೋ. ಡಿವೈಡರ್ ಆಚೆ ಬಂದು ನಿಂತ ಗಾಡಿ ಯೂಟರ್ನ್ ಹುಡುಕಿ ತಿರುಗಿ ಬರುವಷ್ಟರಲ್ಲಿ ಗಾಯಾಳುವಿನ ರಕ್ತ ಹೋಗುತ್ತಿರುತ್ತದೆ. ಅಪಘಾತ ತಿಳಿಸಿದ ದಾರಿಹೋಕರು ತಮ್ಮ ಹೆಸರು ಹೇಳಲೇಬೇಕಂತಿಲ್ಲ.

ಕೈತಪ್ಪಿ 112 ಹತ್ತಿದರೆ ಗಾಬರಿಯಾಗಿ ಕಟ್ ಮಾಡಬೇಡಿ. "ತಪ್ಪಿ ಬಂತು, ಏನೂ ತೊಂದರೆ ಇಲ್ಲ" ಅಂತ ಹೇಳಿಯೇ ಇಡಿ. ಸುಮ್ಮನೆ ಕಟ್ಟಾದ ಕರೆ ಯಾರೋ ಫೋನ್ ಕಿತ್ತುಕೊಂಡದ್ದೂ ಆಗಿರಬಹುದಲ್ಲ.