ಆಯುಷ್ಮಾನ್ ಕಾರ್ಡ್ ಪೋರ್ಟಲ್ ತೊಂದರೆಗಳು: ಕೌಂಟರ್ ಆಪರೇಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಆಸ್ಪತ್ರೆಯೊಂದರ ಕೌಂಟರಿನಲ್ಲಿ ಆಯುಷ್ಮಾನ್ ಕಾರ್ಡ್ ಮಾಡಿಕೊಡುವ ಮೇಡಂ ಇವತ್ತು ಸಂಜೆ ನಮ್ಮ ಗುಂಪಿನಲ್ಲಿ ಉತ್ತರ ಕೊಡುತ್ತಾರೆ. ಪೋರ್ಟಲ್ ತೊಂದರೆ ಬಗ್ಗೆ ಮಾತ್ರ ಕೇಳಿ. ಆಧಾರ್ ನಂಬರ್, ಓಟಿಪಿ, ರೇಷನ್ ಕಾರ್ಡ್ ಫೋಟೋ ಯಾವುದನ್ನೂ ಇಲ್ಲಿ ಹಾಕಬೇಡಿ.

ತುಮಕೂರು ಸದಸ್ಯ: ಮೇಡಂ ನಮಸ್ತೆ. ಅಪ್ಪನ ಕಾರ್ಡ್ ಮಾಡೋಕೆ ಹೋದರೆ ಓಟಿಪಿ ಬರ್ತಿಲ್ಲ. ಲಾಗಿನ್ ಆಗುತ್ತೆ, ಮುಂದೆ ಹೋಗಲ್ಲ. ಸೈಟ್ ಡೌನ್ ಇದೆಯಾ?

ಆಪರೇಟರ್ ಮೇಡಂ: ನಮಸ್ತೆ. ಇಲ್ಲಿ ಎರಡು ಓಟಿಪಿ ಇರುತ್ತೆ. ಲಾಗಿನ್ ಓಟಿಪಿ ನೀವು ಹಾಕಿದ ಮೊಬೈಲಿಗೆ ಬರುತ್ತೆ. ಇ-ಕೆವೈಸಿ, ಅಂದರೆ ಗುರುತು ಖಚಿತ ಮಾಡೋ ಓಟಿಪಿ, ಅಪ್ಪನ ಆಧಾರ್‌ಗೆ ಜೋಡಿಸಿರುವ ನಂಬರಿಗೆ ಹೋಗುತ್ತೆ. ಆ ಸಿಮ್ ಬಂದ್ ಆಗಿದ್ದರೆ ಎಷ್ಟು ಕಾದರೂ ಬರಲ್ಲ. ಆಧಾರ್ ಕೇಂದ್ರದಲ್ಲಿ ಹೊಸ ನಂಬರ್ ಜೋಡಿಸಿ. ಅಪ್ಪನಿಗೆ ಓಡಾಡೋದು ಕಷ್ಟ ಅಂದರೆ ಪೋಸ್ಟ್‌ಮ್ಯಾನ್‌ಗೆ ಹೇಳಿ, ಅಂಚೆ ಪೇಮೆಂಟ್ಸ್ ಬ್ಯಾಂಕಿನ ಕಡೆಯಿಂದ ಮನೆಗೇ ಬಂದು ಜೋಡಿಸುವ ವ್ಯವಸ್ಥೆ ಇದೆ. ಕಾಯೋಕೆ ಆಗಲ್ಲ ಅಂದರೆ ಬೆರಳು, ಕಣ್ಣು ಅಥವಾ ಮುಖ ತೋರಿಸಿಯೂ ಇ-ಕೆವೈಸಿ ಆಗುತ್ತೆ.

ಶಿಡ್ಲಘಟ್ಟ ಸದಸ್ಯೆ: ಅಕ್ಕ, ನಮ್ಮಮ್ಮನ ಬೆರಳು ಎಲ್ಲಿಟ್ಟರೂ ತಗೊಳ್ತಿಲ್ಲ. 300 ಅಂತ ಎರರ್ ಬರುತ್ತೆ. ಅವರು ರೇಷ್ಮೆ ನೂಲು ಬಿಚ್ಚೋ ಕೆಲಸ ಮಾಡಿದವರು.

ಸಾಗರ ಸದಸ್ಯ: ಬೆರಳಿಗೆ ನಿಂಬೆಹಣ್ಣು ಉಜ್ಜಿ, ಮೇಲೆ ಟೂತ್‌ಪೇಸ್ಟ್ ಹಚ್ಚಿ 5 ನಿಮಿಷ ಬಿಡಬೇಕಂತೆ. ನಮ್ಮ ಬೇರೆ ಗ್ರೂಪಲ್ಲಿ ಬಂದಿತ್ತು.

ಆಪರೇಟರ್ ಮೇಡಂ: ದಯವಿಟ್ಟು ಬೇಡ. ಗೂಡಿನ ಬಿಸಿನೀರಲ್ಲಿ ವರ್ಷಗಟ್ಟಲೆ ಕೈ ಅದ್ದಿದವರ ಬೆರಳ ತುದಿ ನುಣ್ಣಗಾಗಿ, ಅಲ್ಲಲ್ಲಿ ಬಿರುಕು ಬಿಟ್ಟಿರುತ್ತೆ. ಅದಕ್ಕೆ ನಿಂಬೆಹಣ್ಣು ಹಾಕಿದರೆ ಉರಿ ಬಿಟ್ಟು ಬೇರೇನೂ ಆಗಲ್ಲ. ಪೇಸ್ಟ್ ಹತ್ತಿದ ಕೈ ಇಟ್ಟರೆ ಸ್ಕ್ಯಾನರ್ ಗಾಜೂ ಹಾಳು, ಹಿಂದೆ ನಿಂತವರಿಗೂ ತೊಂದರೆ. 300 ಅಂದರೆ ಬೆರಳಚ್ಚು ಆಧಾರ್ ದಾಖಲೆಗೆ ಹೊಂದಲಿಲ್ಲ ಅಂತ ಅರ್ಥ. ಕೈ ತೊಳೆದು, ಚೆನ್ನಾಗಿ ಒರೆಸಿ, ಹತ್ತೂ ಬೆರಳು ಒಂದೊಂದಾಗಿ ನೋಡಿ. ಆಗದಿದ್ದರೆ ಮುಖದಿಂದ ಮಾಡಿ. ಫೋನಲ್ಲಿ ಆಯುಷ್ಮಾನ್ ಆ್ಯಪ್ ಜೊತೆ ಆಧಾರ್ ಫೇಸ್ ಆರ್‌ಡಿ ಅನ್ನೋ ಆ್ಯಪ್ ಕೂಡ ಇರಬೇಕು. ಅಮ್ಮನನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸೋಕೆ ಹೇಳಿ. 330 ಅಂತ ಬಂದರೆ ಕಥೆ ಬೇರೆ: ಯಾರೋ ಬಯೋಮೆಟ್ರಿಕ್ ಲಾಕ್ ಮಾಡಿದ್ದಾರೆ. ಮೊದಲು ಅದನ್ನು ತೆಗೆಸಬೇಕು.

ಶಿಡ್ಲಘಟ್ಟ ಸದಸ್ಯೆ: ಸರಿ ಅಕ್ಕ, ನಾಳೆ ಬೆಳಗ್ಗೆ ಮುಖದಿಂದ ನೋಡ್ತೀನಿ.

ಮಂಡ್ಯ ಸದಸ್ಯ: ಮೇಡಂ, ನನ್ನ ಹತ್ತಿರ 14 ಅಂಕಿಯ ಆಭಾ ಕಾರ್ಡ್ ಇದೆ. ಅದರಲ್ಲಿ 5 ಲಕ್ಷ ಸಿಗುತ್ತಲ್ವಾ?

ಆಪರೇಟರ್ ಮೇಡಂ: ಸಿಗಲ್ಲ. ಆಭಾ ಅನ್ನೋದು ನಿಮ್ಮ ಆರೋಗ್ಯ ದಾಖಲೆಗಳಿಗೆ ಕೊಟ್ಟ ನಂಬರ್. ವಿಮೆ ಅಲ್ಲ.

ರಾಯಚೂರು ಸದಸ್ಯ: ನನ್ನ ಹೆಸರು ಆಧಾರ್‌ನಲ್ಲಿ ಇನಿಷಿಯಲ್ ಸಮೇತ ಇದೆ, ರೇಷನ್ ಕಾರ್ಡಲ್ಲಿ ಬರೀ ಹೆಸರು. ಪೆಂಡಿಂಗ್ ಅಂತ ತೋರಿಸ್ತಿದೆ.

ಆಪರೇಟರ್ ಮೇಡಂ: ಎರಡು ಹೆಸರು ಹೊಂದುವ ಅಂಕ ಕಡಿಮೆ ಬಂದಿದೆ. ಹಾಗಾದಾಗ ತಾನಾಗಿ ಒಪ್ಪಿಗೆ ಆಗಲ್ಲ, ಮೇಲಿನವರು ನೋಡಿ ಒಪ್ಪಬೇಕು. ಮತ್ತೆ ಮತ್ತೆ ಅರ್ಜಿ ಹಾಕಬೇಡಿ. ತಿರಸ್ಕಾರ ಆದರೆ ಮಾತ್ರ ಹೆಸರು ತಿದ್ದಿಸಿ.

ಹಾವೇರಿ ಸದಸ್ಯೆ: ಮೇಡಂ, ನಮ್ಮತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆಗಬೇಕು ಅಂದಿದ್ದಾರೆ. ಅವರಿಗೆ ನಾವು ಕಾರ್ಡ್ ಮಾಡಿಸೇ ಇರಲಿಲ್ಲ. ಇವತ್ತು ಆಸ್ಪತ್ರೆ ಕೌಂಟರಲ್ಲಿ ರೇಷನ್ ಕಾರ್ಡ್ ನಂಬರ್ ಹಾಕಿದರೆ ಅತ್ತೆಗೆ ಆಗಲೇ ಕಾರ್ಡ್ ಆಗಿದೆ ಅಂತ ಬರ್ತಿದೆ. ಫೋಟೋ ಮಾತ್ರ ಬೇರೆಯವರದು.

ಆಪರೇಟರ್ ಮೇಡಂ: ಪರದೆಯಲ್ಲಿ ಆಧಾರ್‌ನ ಕೊನೆಯ 4 ಅಂಕಿ ಕಾಣುತ್ತೆ. ಅದು ಅತ್ತೆಯದೇನಾ? ಫೋಟೋದಲ್ಲಿ ಇರುವವರು ಗೊತ್ತಾ? ಅಂಕಿ ಇಲ್ಲಿ ಬರೀಬೇಡಿ, ಹೌದು ಅಥವಾ ಇಲ್ಲ ಅಂದರೆ ಸಾಕು.

ಕೊಪ್ಪಳ ಸದಸ್ಯ: ಆಭಾ ಕಾರ್ಡ್ ತೋರಿಸಿದರೆ ಆಪರೇಷನ್ ಫ್ರೀನಾ ಮೇಡಂ?

ಆಪರೇಟರ್ ಮೇಡಂ: ಮೇಲೆ ಹೇಳಿದ್ದೀನಿ. ಇಲ್ಲ.

ಹಾವೇರಿ ಸದಸ್ಯೆ: ಅಂಕಿ ಅತ್ತೆಯದಲ್ಲ. ಫೋಟೋ ನೋಡಿ ನಮ್ಮನೆಯವರು ಗುರುತು ಹಿಡಿದರು. ನಮ್ಮೂರಿನಲ್ಲೇ ಅತ್ತೆ ಹೆಸರಿನ ಇನ್ನೊಬ್ಬ ಅಜ್ಜಿ ಇದ್ದಾರೆ, ಅವರದು. ನಮ್ಮ ಭಾವ ಈಗಲೇ ಅವರ ಮನೆಗೆ ಹೋಗಿ ಕೇಳ್ತೀನಿ ಅಂತಿದ್ದಾರೆ.

ಆಪರೇಟರ್ ಮೇಡಂ: ಭಾವನವರನ್ನು ತಡೀರಿ. ಆ ಅಜ್ಜಿಗೆ ಇದು ಗೊತ್ತೇ ಇಲ್ಲದಿರಬಹುದು. ಹೀಗೆ ಆಗೋದು ಹೇಗೆ ಅಂತ ಹೇಳ್ತೀನಿ. ಕ್ಯಾಂಪಿನಲ್ಲಿ ನೂರಾರು ಜನ ನಿಂತಿರ್ತಾರೆ. ರೇಷನ್ ಕಾರ್ಡ್ ನಂಬರ್ ಹಾಕಿ ಹುಡುಕೋ ಬದಲು ಊರು, ಹೆಸರು ಹಾಕಿ ಹುಡುಕ್ತಾರೆ. ಒಂದೇ ಊರು, ಒಂದೇ ಹೆಸರು, ವಯಸ್ಸೂ ಹತ್ತಿರ. ಪಟ್ಟಿಯಲ್ಲಿ ನಿಮ್ಮತ್ತೆಯ ಹೆಸರಿರೋ ಸಾಲು ತೆರೆದು ಆ ಅಜ್ಜಿಯ ಆಧಾರ್ ಹಾಕಿದರೆ ಹೆಸರು ಚೆನ್ನಾಗಿ ಹೊಂದುತ್ತೆ, ಒಪ್ಪಿಗೆಯೂ ಸಲೀಸಾಗಿ ಆಗುತ್ತೆ. ಫೋಟೋ ಬರೋದು ಆಧಾರ್ ಕಡೆಯಿಂದ. ನಿಮ್ಮ ಮನೆಯವರು ಅಲ್ಲಿ ಇಲ್ಲದಿದ್ದರೆ ತಡೆಯೋರು ಯಾರು?

ನನಗೆ ಇದು ಚಿಂತೆಯ ವಿಷಯ ಯಾಕೆ ಅಂದರೆ, 5 ಲಕ್ಷ ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ ಇರೋದು. ಆ ಅಜ್ಜಿ ಈ ಕಾರ್ಡಲ್ಲಿ ಚಿಕಿತ್ಸೆ ತಗೊಂಡಿದ್ದರೆ ನಿಮ್ಮ ಮನೆಯ ಲೆಕ್ಕದಿಂದ ಹಣ ಹೋಗಿರುತ್ತೆ. ಅವರ ಸ್ವಂತ ರೇಷನ್ ಕಾರ್ಡಿನ ಸಾಲು ಖಾಲಿ ಇರುತ್ತೆ. ನಾಳೆ ಅವರಿಗೂ ಇದೇ ಪಾಡು. ಅದಕ್ಕೇ ಎರಡೂ ಮನೆಯವರು ಒಟ್ಟಿಗೆ ಹೋಗಬೇಕು. ಇಬ್ಬರ ಆಧಾರ್, ಇಬ್ಬರ ರೇಷನ್ ಕಾರ್ಡ್ ಒಟ್ಟಿಗೆ ಇಟ್ಟು ತೋರಿಸಿದರೆ ತಪ್ಪು ಯಾರಿಗಾದರೂ ಅರ್ಥ ಆಗುತ್ತೆ. ಒಬ್ಬರೇ ಹೋದರೆ ಪರದೆ ಹೇಳಿದ್ದನ್ನೇ ನಂಬ್ತಾರೆ.

ಈ ತಪ್ಪು ಕಾರ್ಡ್ ತೆಗೆಯೋ ಅಧಿಕಾರ ಕೌಂಟರಿನವರಿಗೆ ಇಲ್ಲ. ಯೋಜನೆ ನಡೆಸೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡೋ ಆರೋಗ್ಯಮಿತ್ರರ ಮೂಲಕ ಟ್ರಸ್ಟ್‌ನ ಜಿಲ್ಲಾ ಸಂಯೋಜಕರಿಗೆ ಬರಹದಲ್ಲಿ ಕೊಡಿ. 14555ಕ್ಕೂ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ದುಡ್ಡು ಕೊಟ್ಟರೆ ಇವತ್ತೇ ಕ್ಯಾನ್ಸಲ್ ಮಾಡ್ತೀನಿ ಅನ್ನೋರನ್ನು ನಂಬಬೇಡಿ.

ಅತ್ತೆ ಈಗ ಯಾವ ಆಸ್ಪತ್ರೆಯಲ್ಲಿದ್ದಾರೆ? ಸರ್ಕಾರಿನಾ, ಖಾಸಗಿನಾ? ಹೆಸರು ಬೇಡ.

ಹೊಸಪೇಟೆ ಸದಸ್ಯ: ಫಾರ್ವರ್ಡ್: "ಆಯುಷ್ಮಾನ್ ಹೊಸ ಪಟ್ಟಿ ಬಿಡುಗಡೆ. ಸೈಟ್ ಹ್ಯಾಂಗ್ ಆಗುವವರು ಈ ಎಪಿಕೆ ಫೈಲ್ ಹಾಕಿಕೊಳ್ಳಿ, ರಾತ್ರಿ 2 ಗಂಟೆಗೆ ತೆರೆದರೆ ನೇರ ಕಾರ್ಡ್. ಎಲ್ಲಾ ಗ್ರೂಪಿಗೂ ಕಳಿಸಿ."

ಆಪರೇಟರ್ ಮೇಡಂ: ಅಡ್ಮಿನ್, ಇದನ್ನು ಈಗಲೇ ಅಳಿಸಿ. ಯಾರೂ ಆ ಫೈಲ್ ಮುಟ್ಟಬೇಡಿ. ಎಪಿಕೆ ಅಂದರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಹಾಕೋ ಆ್ಯಪ್ ಫೈಲ್. ಇಂಥದ್ದು ನಿಮ್ಮ ಮೆಸೇಜ್ ಓದೋಕೆ ಅನುಮತಿ ತಗೊಂಡು ಬ್ಯಾಂಕ್ ಓಟಿಪಿ ಕದಿಯುತ್ತೆ. ಆ್ಯಪ್ ಬೇಕಾದರೆ ಪ್ಲೇ ಸ್ಟೋರ್‌ನಿಂದ, ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಹೆಸರು ನೋಡಿ ಹಾಕಿಕೊಳ್ಳಿ. ಆಗಲೇ ಹಾಕಿಕೊಂಡವರು ನೆಟ್ ಬಂದ್ ಮಾಡಿ, ಬ್ಯಾಂಕಿಗೆ ಹೇಳಿ, ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಓದದೇ ಫಾರ್ವರ್ಡ್ ಮಾಡೋದನ್ನು ದಯವಿಟ್ಟು ನಿಲ್ಲಿಸಿ.

ಹೊಸಪೇಟೆ ಸದಸ್ಯ: ಒಳ್ಳೇದಾಗಲಿ ಅಂತ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ದಾವಣಗೆರೆ ಸದಸ್ಯ: ಸಿಟ್ಟು ಬರದೇ ಇನ್ನೇನು? ನೂರಾರು ಜನ ಇರೋ ಗುಂಪು ಇದು.

ಗದಗ ಸದಸ್ಯ: ಫೈಲ್ ಬಿಡಿ, ಅಸಲಿ ಲೂಟಿ ಸೆಂಟರುಗಳಲ್ಲಿ. ಉಚಿತ ಕಾರ್ಡಿಗೆ ನನ್ನ ಹತ್ತಿರ 300 ರೂಪಾಯಿ ತಗೊಂಡರು. ರಸೀದಿ ಇಲ್ಲ.

ದಾವಣಗೆರೆ ಸದಸ್ಯ: ನಾನೂ ಸೆಂಟರ್ ನಡೆಸ್ತೀನಿ. ಕರೆಂಟು, ಇಂಟರ್ನೆಟ್ಟು, ಪ್ರಿಂಟರ್ ಇಂಕು ಯಾರು ಕೊಡ್ತಾರೆ? ಸರ್ವರ್ ನಿಂತರೆ ಜನ ಬೈಯೋದು ನನ್ನನ್ನೇ.

ಗದಗ ಸದಸ್ಯ: ಹಾಗಂತ ಬಡವರ ಹತ್ತಿರ ಕೀಳೋದಾ? ಬೋರ್ಡಲ್ಲಿ ದರ ಹಾಕಿ.

ದಾವಣಗೆರೆ ಸದಸ್ಯ: ಕಾರು ಇಟ್ಟುಕೊಂಡು ಬಿಪಿಎಲ್ ಕಾರ್ಡ್ ತಗೊಂಡಿರೋರು ಬಡವರ ಬಗ್ಗೆ ಮಾತಾಡಬಾರದು.

ಗದಗ ಸದಸ್ಯ: ನನ್ನ ಕಾರು ನೀನು ನೋಡಿದ್ದೀಯಾ?

ಧಾರವಾಡ ಸದಸ್ಯ: ಇಬ್ಬರೂ ಸಾಕು ಮಾಡ್ರಿ. ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ 2023ರ ವರದಿ ಓದ್ರಿ. ದೇಶದಲ್ಲಿ ಸುಮಾರು 7.5 ಲಕ್ಷ ಫಲಾನುಭವಿಗಳ ಮುಂದೆ ಬರೀ ಒಂಬತ್ತುಗಳಿರುವ ಒಂದೇ ಮೊಬೈಲ್ ನಂಬರ್ ಇತ್ತು. ಮೂಲದ ದಾಖಲೆಯೇ ಹಿಂಗಿದ್ದಾಗ ಹಾವೇರಿಯವರ ಕಾರ್ಡ್ ತಪ್ಪಾಗೋದು ದೊಡ್ಡ ಮಾತಲ್ಲ.

ದಾವಣಗೆರೆ ಸದಸ್ಯ: ಅದೂ ನನ್ನ ಸೆಂಟರ್ ತಪ್ಪಾ?

ಅಡ್ಮಿನ್: ಮೂವರೂ ಇಲ್ಲಿಗೆ ನಿಲ್ಲಿಸಿ. ಫೈಲ್ ಅಳಿಸಿದ್ದೇನೆ.

ಪುಣೆ ಸದಸ್ಯ: ನಾವು ಕೂಲಿಗೆ ಪುಣೆಯಲ್ಲಿದ್ದೀವಿ, ರೇಷನ್ ಕಾರ್ಡ್ ಕಲಬುರಗಿಯದು. ಇಲ್ಲೇ ಕಾರ್ಡ್ ಮಾಡಿಸಬಹುದಾ?

ಬೀದರ್ ಸದಸ್ಯ: ಎಪಿಎಲ್‌ನವರಿಗೆ ಏನು ಸಿಗುತ್ತೆ?

ಆಪರೇಟರ್ ಮೇಡಂ: ನಮ್ಮ ರಾಜ್ಯದ ಯೋಜನೆಯಲ್ಲಿ ಚಿಕಿತ್ಸೆಗೆ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ. 30 ಸರ್ಕಾರ ಕೊಡುತ್ತೆ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ.

ಮಡಿಕೇರಿ ಸದಸ್ಯೆ: ನಮ್ಮ ತಂದೆಗೆ 74. ರೇಷನ್ ಕಾರ್ಡ್ ಇಲ್ಲ. 70 ದಾಟಿದವರ ವಯ ವಂದನ ಕಾರ್ಡಿಗೆ ಏನು ಬೇಕು?

ಆಪರೇಟರ್ ಮೇಡಂ: ಆಧಾರ್ ಒಂದೇ. ಅದರಲ್ಲಿ 70 ತುಂಬಿರಬೇಕು. ಆದಾಯ ಕೇಳಲ್ಲ. ನೋಂದಣಿ ಆದ ಮೇಲೂ ಆಸ್ಪತ್ರೆಯಲ್ಲಿ ವಿಚಾರಿಸಿಯೇ ದಾಖಲು ಮಾಡಿಸಿ.

ವಿಜಯಪುರ ಸದಸ್ಯ: ಓಟಿಪಿ ಬರ್ತಿಲ್ಲ ಮೇಡಂ.

ಆಪರೇಟರ್ ಮೇಡಂ: ಮೊದಲ ಉತ್ತರ ಓದಿ.

ವಿಜಯಪುರ ಸದಸ್ಯ: ಒಂದು ಮಾತು ಹೇಳಿದರೆ ನಿಮಗೇನು ಗಂಟು ಹೋಗುತ್ತೆ?

ಹಾವೇರಿ ಸದಸ್ಯೆ: ಮೇಡಂ, ಅತ್ತೆ ಖಾಸಗಿ ಆಸ್ಪತ್ರೆಯಲ್ಲಿದ್ದಾರೆ. ನಾಳೆ ಮುಂಗಡ ಕಟ್ಟಿ, ಆಮೇಲೆ ಕಾರ್ಡ್ ಸರಿಯಾದರೆ ವಾಪಸ್ ಸಿಗುತ್ತೆ ಅಂತಾರೆ. ಕಟ್ಟಲಾ?

ಆಪರೇಟರ್ ಮೇಡಂ: ಆ ಮಾತು ನಂಬಿ ಕಟ್ಟಬೇಡಿ. ಇದು ನಗದು ಕಟ್ಟದೇ ಚಿಕಿತ್ಸೆ ಪಡೆಯೋ ಯೋಜನೆ. ಮೊದಲು ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯಾ ಕೇಳಿ. ಇದ್ದರೆ ಅಲ್ಲಿನ ಆರೋಗ್ಯಮಿತ್ರರ ಹತ್ತಿರ ಅತ್ತೆಯ ಆಧಾರ್, ಬಿಪಿಎಲ್ ಕಾರ್ಡ್ ಇಟ್ಟು ಕೂತು ಮಾತಾಡಿ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಇವರದು ತುರ್ತು ಅಂತ ವೈದ್ಯರು ಬರೆದುಕೊಡ್ತಾರಾ ಕೇಳಿ. ತುರ್ತು ಅಂತ ಬರೆಯದಿದ್ದರೆ, ಅಥವಾ ಆಸ್ಪತ್ರೆ ಪಟ್ಟಿಯಲ್ಲೇ ಇಲ್ಲ ಅಂದರೆ, ಅತ್ತೆಯನ್ನು ಸಾಗಿಸಬಹುದಾ ಅಂತ ವೈದ್ಯರನ್ನೇ ಕೇಳಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಯಸ್ಸಾದವರ ಸೊಂಟದ ಮೂಳೆ, ಕಾರ್ಡಿಗೋಸ್ಕರ ದಿನಗಟ್ಟಲೆ ಮಲಗಿಸಬಾರದು.

ಹಾವೇರಿ ಸದಸ್ಯೆ: ಭಾವ ಆ ಅಜ್ಜಿ ಮನೆಗೆ ಹೋಗಿಬಿಟ್ಟಿದ್ದರು ಮೇಡಂ. ಜಗಳ ಆಗಲಿಲ್ಲ. ಅವರ ಮಗನೇ ನಾಳೆ ಬೆಳಗ್ಗೆ ಅಮ್ಮನನ್ನು ಕರ್ಕೊಂಡು ಬರ್ತೀನಿ ಅಂದಿದ್ದಾರೆ.

ಆಪರೇಟರ್ ಮೇಡಂ: ಒಳ್ಳೇದಾಯ್ತು. ಅವರ ರೇಷನ್ ಕಾರ್ಡ್ ಮರೀದೆ ತರೋಕೆ ಹೇಳಿ. ಕಾರ್ಡಲ್ಲಿ ಚಿಕಿತ್ಸೆ ತಗೊಂಡಿದ್ದಾರಾ ಅಂತಲೂ ಕೇಳಿಟ್ಟುಕೊಳ್ಳಿ. ದೂರಿನ ನಂಬರ್ ಸಿಕ್ಕ ತಕ್ಷಣ ನನಗೆ ಇನ್‌ಬಾಕ್ಸ್ ಮಾಡಿ.